ಪಿರೇರಾ ಎಂಬ ಅಡ್ಡಹೆಸರಿನ ಬೇರು ಹಿಡಿಯುವ ಬಗೆ

ಪೋರ್ಚುಗೀಸ್ ಭಾಷೆಯಲ್ಲಿ ‘ಪೆರ’ ಎಂದರೆ ಪಿಯರ್ ಹಣ್ಣು, ‘ಪೆರೈರ’ ಎಂದರೆ ಅದರ ಮರ. ಆ ಪೆರೈರವೇ ಮಂಗಳೂರು, ಉಡುಪಿ ಸೀಮೆಯಲ್ಲಿ ಪಿರೇರಾ ಆಗಿದೆ, ಶ್ರೀಲಂಕಾದಲ್ಲಿ ಪೆರೇರ ಆಗಿದೆ. ಕೊಂಕಣಿಯ ‘ಪೇರ್’ ಕೂಡ ಇದೇ ಬೇರಿನ ಪದ. ಕಡಲು ದಾಟುವಾಗ ಹಣ್ಣು ಮಾತ್ರ ಬದಲಾಗಿ ಪೇರಳೆಯಾಯಿತು. ಪೋರ್ಚುಗಲ್‌ನಲ್ಲಿ ಪೇರಳೆಗೆ ‘ಗೊಯಾಬ’ ಎನ್ನುತ್ತಾರೆ. ಇಷ್ಟು ತಿಳಿಯಲು ಒಂದು ನಿಘಂಟು ಸಾಕು.

ಆದರೆ ಹೆಸರಿನ ಅರ್ಥ ತಿಳಿಯುವುದು ಒಂದು ಕೆಲಸ, ಆ ಹೆಸರು ಒಂದು ಮನೆಗೆ ಎಂದು, ಯಾರಿಂದ ಬಂತು ಎಂದು ಹುಡುಕುವುದು ಇನ್ನೊಂದು. ಪೋರ್ಚುಗೀಸ್ ಅಡ್ಡಹೆಸರುಗಳ ವಿಚಾರದಲ್ಲಿ ಹೆಸರಿನ ಬೆನ್ನು ಹತ್ತಿದವರು ಸಾಮಾನ್ಯವಾಗಿ ದಾರಿ ತಪ್ಪುತ್ತಾರೆ. ವ್ಯಕ್ತಿ ಮತ್ತು ಊರನ್ನು ಹಿಡಿದು ಹೋದವರಿಗೆ ಏನಾದರೂ ಸಿಗುತ್ತದೆ. ಈ ಲೇಖನದಲ್ಲಿ ಪಿರೇರಾ ಹೆಸರನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದರೂ ಡಿಸೋಜ, ಪಿಂಟೊ, ಲೋಬೊ, ಮಸ್ಕರೇನ್ಹಸ್ ಯಾವುದಕ್ಕಾದರೂ ಕ್ರಮ ಇದೇ.

ಹೆಸರು ಯಾವ ಬಗೆಯದು?

ಮೊದಲ ಕೆಲಸ, ಹೆಸರನ್ನು ಅದರ ಗುಂಪಿಗೆ ಸೇರಿಸುವುದು. ಎಷ್ಟು ದೂರ ಹುಡುಕಬಹುದು, ಎಲ್ಲಿ ಕೈಬಿಡಬೇಕು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

‘-ಎಸ್’ ಎಂದು ಕೊನೆಯಾಗುವ ಬಹುಪಾಲು ಹೆಸರುಗಳು ಅಪ್ಪನ ಹೆಸರಿನಿಂದ ಹುಟ್ಟಿದವು. ರೊಡ್ರಿಗೊನ ಮಗ ರೊಡ್ರಿಗೆಸ್, ಫೆರ್ನಾಂದೊನ ಮಗ ಫೆರ್ನಾಂದೆಸ್, ಗೊನ್ಸಾಲೊನ ಮಗ ಗೊನ್ಸಾಲ್ವೆಸ್, ಲೋಪೊನ ಮಗ ಲೋಪೆಸ್. ಕೆಲವು ಇಷ್ಟು ಸಲೀಸಾಗಿ ಗುರುತು ಸಿಗುವುದಿಲ್ಲ. ವಾಸ್ ಬಂದದ್ದು ವಾಸ್ಕೊ ಎಂಬ ಹೆಸರಿನಿಂದ, ವಿಯೇಗಸ್ ಬಂದದ್ದು ಎಗಸ್‌ನಿಂದ, ಪಿರೆಸ್ ಬಂದದ್ದು ಪೆದ್ರುವಿನ ಹಳೆಯ ರೂಪವಾದ ಪೆರೊದಿಂದ. ಪಿರೆಸ್‌ಗೂ ಪಿರೇರಾಕ್ಕೂ ಯಾವ ನಂಟೂ ಇಲ್ಲ, ಕಿವಿಗೆ ಮಾತ್ರ ಹತ್ತಿರ. ಮಧ್ಯಯುಗದಲ್ಲಿ ಊರೂರಿಗೂ ಒಬ್ಬ ಫೆರ್ನಾಂದೊ ಇದ್ದ, ಊರೂರಲ್ಲೂ ಅವನ ಮಗ ಫೆರ್ನಾಂದೆಸ್ ಆದ. ಹಾಗಾಗಿ ಈ ಗುಂಪಿನ ಹೆಸರುಗಳಿಗೆ ‘ಮೂಲ ಮನೆತನ’ ಎಂಬುದೇ ಇಲ್ಲ, ಹುಡುಕಲು ಹೊರಡಲೇಬೇಡಿ.

ಎರಡನೆಯದು ಜಾಗದ ಹೆಸರು. ಸೋಸ ಎಂಬುದು ದೋರು ನದಿಯನ್ನು ಸೇರುವ ಒಂದು ಹೊಳೆ. ನಮ್ಮ ಡಿಸೋಜ ಅಲ್ಲಿಯದು. ಲಿಮ ಇನ್ನೊಂದು ನದಿ. ಅಲ್ಮೇಡ ಸ್ಪೇನ್ ಗಡಿಯ ಒಂದು ಕೋಟೆಪಟ್ಟಣ, ಹೆಸರು ಅರಬ್ಬಿ ಮೂಲದ್ದು. ನೊರೊನ್ಹ ಪೋರ್ಚುಗಲ್‌ನದೇ ಅಲ್ಲ, ಸ್ಪೇನಿನ ಅಸ್ತೂರಿಯಸ್ ಪ್ರಾಂತ್ಯದ ಊರು. ಮರಗಳ ಹೆಸರೂ ಇದೇ ಗುಂಪಿಗೆ ಸೇರುತ್ತವೆ: ಒಲಿವೈರ, ನೊಗೈರ, ಮೊರೈರ, ತೆಶೈರ, ಪೆರೈರ. ಯಾರೋ ಪಿಯರ್ ಬೆಳೆದರು ಎಂದು ಇದರ ಅರ್ಥವಲ್ಲ. ಮರದ ಗುರುತಿನಿಂದ ಒಂದು ಹೊಲಕ್ಕೋ ಹಳ್ಳಿಗೋ ಹೆಸರು ಬಂತು, ಆ ಜಾಗದಿಂದ ಮನುಷ್ಯರಿಗೆ ಬಂತು. ಹುಣಸೂರು, ಹಲಸೂರುಗಳನ್ನು ನೆನೆದರೆ ಈ ಎರಡು ಮೆಟ್ಟಿಲು ನಮಗೆ ಹೊಸದಲ್ಲ.

ಮೂರನೆಯದು ಗುಣಕ್ಕೋ ಗೇಲಿಗೋ ಇಟ್ಟ ಹೆಸರು. ಲೋಬೊ ತೋಳ, ಕುವೆಲ್ಲೊ ಮೊಲ, ಪಿಂಟೊ ಕೋಳಿಮರಿ. ನಾಲ್ಕನೆಯದು ಭಕ್ತಿಯ ಹೆಸರು: ಕ್ರೂಸ್ ಎಂದರೆ ಶಿಲುಬೆ, ಸಾಂತುಸ್ ಎಂದರೆ ಸಂತರು, ಜೆಜುಸ್, ಕೊನ್ಸೆಯ್ಸಾಂವ್ ಇತ್ಯಾದಿ. ಇವುಗಳನ್ನು ಅಡ್ಡಹೆಸರೆಂದು ನಂಬುವ ಮುನ್ನ ಮುಂದೆ ಬರುವ ಎಚ್ಚರಿಕೆಯನ್ನು ಓದಿ.

ಹೆಸರಿನ ಮುಂದಿನ ದೆ, ದ, ದು, ದುಸ್ ಎಂಬ ಅಕ್ಷರಗಳು ಕನ್ನಡದ ‘-ನ, -ದ’ ಪ್ರತ್ಯಯಗಳಿದ್ದಂತೆ, ಅಷ್ಟೇ. ಅವು ಶ್ರೀಮಂತಿಕೆಯ ಗುರುತಲ್ಲ. ಪೋರ್ಚುಗೀಸ್ ಅಕಾರಾದಿಯಲ್ಲಿ ಅವುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಭಾರತದಲ್ಲಿ ಅಪಾಸ್ಟ್ರಫಿ ಹಾಕಿ ಅಂಟಿಸಿ ಡಿಸೋಜ, ಡಿಕುನ್ಹ, ಡಿಮೆಲ್ಲೊ ಮಾಡಿಕೊಂಡಿದ್ದೇವೆ. ಅಲ್ಲಿನ ಪಟ್ಟಿಯಲ್ಲಿ ಡಿಸೋಜರನ್ನು ‘ಎಸ್’ ಅಕ್ಷರದಡಿ ಹುಡುಕಬೇಕು, ‘ಡಿ’ ಅಡಿಯಲ್ಲಿ ಹುಡುಕಿದರೆ ಏನೂ ಸಿಗದು.

ಪೆರೈರ ಜಮೀನಿನಿಂದ ಅರಸು ಮನೆತನದವರೆಗೆ

ವಂಶಾವಳಿಗಳಲ್ಲಿ ಈ ಹೆಸರಿನ ಮೊದಲಿಗನಾಗಿ ಕಾಣುವವನು ರೊಡ್ರಿಗೊ ಗೊನ್ಸಾಲ್ವೆಸ್ ದೆ ಪೆರೈರ. ಉತ್ತರ ಪೋರ್ಚುಗಲ್‌ನ ಮಿನ್ಹು ಸೀಮೆಯಲ್ಲಿ, ಇಂದಿನ ವಿಲ ನೊವ ದೆ ಫಮಲಿಕಾಂವ್ ಬಳಿ, ಪೆರೈರ ಎಂಬ ಜಮೀನಿನ ಒಡೆಯ. ಕಾಲ 12ನೆಯ ಶತಮಾನದ ಕೊನೆ, 13ರ ಆರಂಭ. ಗಮನಿಸಬೇಕಾದ್ದು ಅವನ ಅಪ್ಪನ ಹೆಸರನ್ನು: ಗೊನ್ಸಾಲೊ ರೊಡ್ರಿಗೆಸ್ ದ ಪಲ್ಮೈರ. ಅಪ್ಪ ತಾಳೆಮರದ ಊರಿನವ, ಮಗ ಪಿಯರ್ ಮರದ ಊರಿನವ. ಜಮೀನು ಬದಲಾದಾಗ ಹೆಸರೂ ಬದಲಾಯಿತು. ಆಗ ಅಡ್ಡಹೆಸರು ವಿಳಾಸಕ್ಕಿಂತ ಹೆಚ್ಚಿನದೇನೂ ಆಗಿರಲಿಲ್ಲ.

ಈ ವಂಶಗಳ ವಿವರಕ್ಕೆ ಮುಖ್ಯ ಆಧಾರ, ದಿನಿಸ್ ದೊರೆಯ ಮಗ ಬಾರ್ಸೆಲುಸ್‌ನ ಕೌಂಟ್ ಪೆದ್ರು 14ನೆಯ ಶತಮಾನದ ನಡುವಿನಲ್ಲಿ ಬರೆಸಿದ ವಂಶಾವಳಿ ಗ್ರಂಥ. ಅದು ಶ್ರೀಮಂತರ ಕುರಿತು ಶ್ರೀಮಂತರಿಗಾಗಿಯೇ ಬರೆದದ್ದು ಎಂಬುದನ್ನು ಮರೆಯಬಾರದು.

ಅದೇ ವಂಶದ ಮೂರು ತಲೆಮಾರಿನ ಹೆಸರುಗಳನ್ನು ಒಂದರ ಕೆಳಗೊಂದು ಇಟ್ಟರೆ ಹಳೆಯ ಪದ್ಧತಿ ಪಾಠದಂತೆ ತಿಳಿಯುತ್ತದೆ. ಬ್ರಾಗದ ಆರ್ಚ್‌ಬಿಷಪ್ ಆಗಿದ್ದ ಗೊನ್ಸಾಲೊ ಪೆರೈರ. ಅವರ ಮಗ (ಹೌದು, ಆರ್ಚ್‌ಬಿಷಪ್ಪರಿಗೂ ಮಗ) ಆಲ್ವರು ಗೊನ್ಸಾಲ್ವೆಸ್ ಪೆರೈರ. ಆತನ ಮಗ ನುನು ಆಲ್ವರೆಸ್ ಪೆರೈರ. ನಡುವಿನ ಪದ ಪ್ರತಿ ತಲೆಮಾರಿಗೂ ಬದಲಾಗುತ್ತದೆ: ಗೊನ್ಸಾಲೊನ ಮಗನಾದ್ದರಿಂದ ಗೊನ್ಸಾಲ್ವೆಸ್, ಆಲ್ವರುವಿನ ಮಗನಾದ್ದರಿಂದ ಆಲ್ವರೆಸ್. ಕೊನೆಯ ಪದ ಮಾತ್ರ ನಿಂತಿದೆ. ಈ ನಡುವಿನ ಪದ ಮುಂದೆ ಹೆಪ್ಪುಗಟ್ಟಿ ಮೊಮ್ಮಕ್ಕಳಿಗೂ ಅದೇ ಉಳಿದಾಗ ಇಂದಿನ ‘ಗೊನ್ಸಾಲ್ವೆಸ್’ ಎಂಬ ಅಡ್ಡಹೆಸರು ಹುಟ್ಟಿತು. 1400ರ ಹಿಂದಿನ ದಾಖಲೆಯಲ್ಲಿ ಗೊನ್ಸಾಲ್ವೆಸ್ ಎಂದು ಕಂಡರೆ ಅಪ್ಪನ ಹೆಸರು ಗೊನ್ಸಾಲೊ ಎಂದು ಓದಬಹುದು; 1700ರ ದಾಖಲೆಯಲ್ಲಿ ಹಾಗೆ ಓದಿದರೆ ತಪ್ಪಾಗುತ್ತದೆ.

ಈ ನುನು ಆಲ್ವರೆಸ್ ಪೆರೈರ (1360–1431) ಸಾಮಾನ್ಯನಲ್ಲ. 1385ರ ಆಗಸ್ಟ್ 14ರಂದು ಅಲ್ಜುಬರೊಟದಲ್ಲಿ ನೆರೆಯ ಕಸ್ತೀಲ್ (ಇಂದಿನ ಸ್ಪೇನಿನ ಭಾಗ) ರಾಜ್ಯದ ಸೇನೆಯನ್ನು ಸೋಲಿಸಿದ ಸೇನಾನಿ, ಲಿಸ್ಬನ್‌ನ ಕಾರ್ಮು ಮಠ ಕಟ್ಟಿಸಿದವನು, ಕೊನೆಗೆ ಅದೇ ಮಠದಲ್ಲಿ ಸನ್ಯಾಸಿಯಾದವನು. 2009ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಆತನನ್ನು ಸಂತನೆಂದು ಘೋಷಿಸಿದರು. ಆತನ ಮಗಳು ಬೆಯಾತ್ರಿಸ್ ಮದುವೆಯಾದದ್ದು ಒಂದನೇ ಜೊಆಂವ್ ದೊರೆಯ ಮಗ ಅಫೊನ್ಸುವನ್ನು. ಅಫೊನ್ಸು ಮುಂದೆ ಬ್ರಗಾನ್ಸದ ಮೊದಲ ಡ್ಯೂಕ್ ಆದ. 1640ರಿಂದ 1910ರವರೆಗೆ ಪೋರ್ಚುಗಲ್ ಆಳಿದ್ದು ಈ ದಂಪತಿಯ ಸಂತಾನವೇ. ನಿಜವಾಗಿ ಪೆರೈರ ರಕ್ತದ ಆ ಮನೆತನ ತನ್ನನ್ನು ಬ್ರಗಾನ್ಸ ಎಂದು ಕರೆದುಕೊಂಡಿತು. ಪೆರೈರ ಎಂಬ ಹೆಸರು ಹೊತ್ತ ಲಕ್ಷಾಂತರ ಜನರಲ್ಲಿ ಬಹುಪಾಲು ಮಂದಿಗೆ ಆ ಸೇನಾನಿಯ ಜೊತೆ ಯಾವ ನಂಟೂ ಇಲ್ಲ.

ಯಾಕಿಲ್ಲ? ಬಾರ್ಸೆಲುಸ್, ಮಿರಂದೆಲ, ಮೊಂತೆಮೊರ್-ಉ-ವೆಲ್ಯು, ಈ ಮೂರು ತಾಲೂಕುಗಳಲ್ಲೂ ಪೆರೈರ ಎಂಬ ಊರಿದೆ. ಆ ಹೆಸರಿನ ಕೇರಿ, ಹೊಲಗಳಂತೂ ಎಷ್ಟೋ. ಆ ಒಂದೊಂದು ಜಾಗದಿಂದ ಹೊರಟವರೂ ಹೊಸ ಊರಿನಲ್ಲಿ ‘ಪೆರೈರದವರು’ ಆದರು. ಒಕ್ಕಲಿನವರು ಒಡೆಯನ ಹೆಸರು, ಮಗು ಜ್ಞಾನಪಿತನ (ಚರ್ಚಿನ ದೀಕ್ಷೆಯ ವೇಳೆ ಮಗುವಿನ ಹೊಣೆ ಹೊರುವವನ) ಹೆಸರು, ಬಿಡುಗಡೆಯಾದ ಗುಲಾಮ ಹಳೆಯ ಯಜಮಾನನ ಹೆಸರು ಪಡೆದದ್ದೂ ಉಂಟು.

ಮನೆಯಲ್ಲಿ ಕೂತು ಮಾಡುವ ಕೆಲಸ

ಪತ್ರಾಗಾರಕ್ಕೆ ಬರೆಯುವ ಮುನ್ನ ಮೂರು ಸಂಗತಿ ಕೈಯಲ್ಲಿರಬೇಕು: ಗೊತ್ತಿರುವ ಅತಿ ಹಿಂದಿನ ವ್ಯಕ್ತಿಯ ಪೂರ್ತಿ ಹೆಸರು, ಒಂದು ಘಟನೆಯ ವರ್ಷ (ಐದು ವರ್ಷ ಆಚೀಚೆಯಾದರೂ ಸರಿ), ಮತ್ತು ಚರ್ಚಿನ ವ್ಯಾಪ್ತಿಯ ಊರು, ಅಂದರೆ ಪೋರ್ಚುಗೀಸಿನಲ್ಲಿ ‘ಫ್ರೆಗೆಜಿಯ’. ಮೂರನೆಯದು ಇಲ್ಲದಿದ್ದರೆ ಮೊದಲ ಎರಡಕ್ಕೆ ಬೆಲೆಯಿಲ್ಲ. ‘ಪೋರ್ಟೊ ಕಡೆಯವರು’ ಎಂದರೆ ಸಾಲದು, ಆ ಒಂದು ಜಿಲ್ಲೆಯಲ್ಲೇ ನೂರಾರು ಫ್ರೆಗೆಜಿಯಗಳಿವೆ.

ಪ್ರತಿ ವ್ಯಕ್ತಿಗೂ ಒಂದು ಸಂಖ್ಯೆ ಕೊಡಿ. ಶುರುವಿನ ವ್ಯಕ್ತಿ 1, ಅಪ್ಪ 2, ಅಮ್ಮ 3. ಯಾವ ವ್ಯಕ್ತಿಯ ಸಂಖ್ಯೆಯನ್ನಾದರೂ ಎರಡರಿಂದ ಗುಣಿಸಿದರೆ ಅವರ ಅಪ್ಪ, ಅದಕ್ಕೆ ಒಂದು ಕೂಡಿಸಿದರೆ ಅಮ್ಮ. ಒಂದೇ ಊರಿನಲ್ಲಿ ಹತ್ತು ಮನುವೆಲ್ ಪೆರೈರಗಳು ಎದುರಾದಾಗ ಈ ಸಂಖ್ಯೆಯೇ ಕಾಪಾಡುವುದು. ಹತ್ತು ತಲೆಮಾರು ಹಿಂದೆ ಹೋದರೆ ಒಬ್ಬರಿಗೆ 1,024 ಪೂರ್ವಜರ ಸ್ಥಾನ ಇರುತ್ತದೆ. ಅಡ್ಡಹೆಸರು ಇಳಿದು ಬಂದದ್ದು, ಬಂದಿದ್ದರೆ, ಅವರಲ್ಲಿ ಒಬ್ಬರಿಂದ.

ಹೆಸರಿನ ಅನುಕ್ರಮವನ್ನೂ ಇಲ್ಲೇ ಸರಿಯಾಗಿ ತಿಳಿಯಬೇಕು. ಇಂದಿನ ಪೋರ್ಚುಗೀಸ್ ರೂಢಿಯಲ್ಲಿ ಅಮ್ಮನ ಕಡೆಯ ಹೆಸರು ಮೊದಲು, ಅಪ್ಪನ ಕಡೆಯದು ಕೊನೆಗೆ. ‘ಜೊಸೆ ಅಲ್ಮೇಡ ಪೆರೈರ’ ಎಂದರೆ ಅಲ್ಮೇಡ ಅಮ್ಮನ ಕಡೆಯದು, ಪೆರೈರ ಅಪ್ಪನ ಕಡೆಯದು. ಸ್ಪೇನಿನಲ್ಲಿ ಇದಕ್ಕೆ ತಿರುಗುಮುರುಗು. ಕಾನೂನಿನ ಪ್ರಕಾರ ಪೂರ್ತಿ ಹೆಸರಿನಲ್ಲಿ ಹೆಚ್ಚೆಂದರೆ ಆರು ಪದ ಇರಬಹುದು: ಎರಡು ಸ್ವಂತ ಹೆಸರು, ನಾಲ್ಕು ಅಡ್ಡಹೆಸರು.

ಕಾಗುಣಿತದ ಪಟ್ಟಿಯೊಂದನ್ನೂ ಬರೆದಿಟ್ಟುಕೊಳ್ಳಿ. ಪೋರ್ಚುಗಲ್ 1911ರಲ್ಲಿ ತನ್ನ ಕಾಗುಣಿತವನ್ನು ಸುಧಾರಿಸಿತು. ಜೋಡಿ ‘ಎಲ್’, ಜೋಡಿ ‘ಟಿ’ಗಳು ಒಂಟಿಯಾದವು, ಎಷ್ಟೋ ‘ಝಡ್’ಗಳು ‘ಎಸ್’ ಆದವು. ಮಂಗಳೂರಿನ ಡಿಮೆಲ್ಲೊ, ಬ್ರಿಟ್ಟೊ, ಮಿನೇಜಸ್ ಹೆಸರುಗಳ ಇಂಗ್ಲಿಷ್ ಬರಹದಲ್ಲಿ ಜೋಡಿ ಎಲ್, ಜೋಡಿ ಟಿ, ಝಡ್ ಇಂದಿಗೂ ಇವೆ. ಅದು ತಪ್ಪು ಬರಹವಲ್ಲ. ಸುಧಾರಣೆಗೆ ಮುಂಚಿನ ಪೋರ್ಚುಗೀಸ್ ಕಾಗುಣಿತವನ್ನು ಕರಾವಳಿ ಹಾಗೇ ಉಳಿಸಿಕೊಂಡಿದೆ. ಆದ್ದರಿಂದ ಪ್ರತಿ ಹೆಸರನ್ನೂ ಎರಡು ಬಗೆಯಲ್ಲಿ ಹುಡುಕಿ. ಪೆರೈರಕ್ಕೆ ‘ಐ’ ಬದಲು ‘ವೈ’ ಇರುವ ಹಳೆಯ ರೂಪವೂ ಇದೆ.

ಯಾವ ಪುಸ್ತಕ, ಯಾವ ಕಟ್ಟಡ

ಸರಕಾರಿ ಜನನ–ಮರಣ ನೋಂದಣಿ ಪೋರ್ಚುಗಲ್‌ನಲ್ಲಿ ಎಲ್ಲರಿಗೂ ಕಡ್ಡಾಯವಾದದ್ದು 1911ರಲ್ಲಿ, ಗಣರಾಜ್ಯ ಬಂದ ಮರುವರ್ಷ. ಅದಕ್ಕೂ ಹಿಂದಿನದೆಲ್ಲ ಚರ್ಚಿನ ಪುಸ್ತಕ. ದೀಕ್ಷಾಸ್ನಾನ (ಮಗುವನ್ನು ಚರ್ಚಿಗೆ ಸೇರಿಸಿಕೊಳ್ಳುವ ವಿಧಿ) ಮತ್ತು ಮದುವೆಯ ದಾಖಲೆ ಇಡಬೇಕೆಂದು ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆ 1563ರಲ್ಲಿ ಕಟ್ಟುಮಾಡಿತು. ಕೆಲವು ಊರುಗಳಲ್ಲಿ ಅದಕ್ಕೂ ಹಳೆಯ ಪುಸ್ತಕಗಳಿವೆ, ಇನ್ನು ಕೆಲವೆಡೆ 1700ರ ಈಚಿನದೇ ಉಳಿದಿರುವುದು. 1860ರಿಂದ ನಮೂನೆ ಏಕರೂಪವಾಯಿತು, ಎರಡು ಪ್ರತಿ ಬರೆಯುವ ನಿಯಮ ಬಂತು. ಅಲ್ಲಿಂದೀಚೆಗಿನದನ್ನು ಓದುವುದು ಹೆಚ್ಚು ಕಷ್ಟವಲ್ಲ.

ಪುಸ್ತಕ ಎಲ್ಲಿದೆ ಎಂಬುದು ಅದರ ವಯಸ್ಸಿನ ಮೇಲೆ ನಿಂತಿದೆ. ಜನನದ ಪುಸ್ತಕಕ್ಕೆ 100 ವರ್ಷ, ಮದುವೆಯದಕ್ಕೆ 50, ಮರಣದ್ದಕ್ಕೆ 30 ವರ್ಷ ಕಳೆದ ಮೇಲೆ ಅದು ನೋಂದಣಿ ಕಚೇರಿಯಿಂದ ಜಿಲ್ಲಾ ಪತ್ರಾಗಾರಕ್ಕೆ ಹೋಗುತ್ತದೆ. ಲಿಸ್ಬನ್ ಜಿಲ್ಲೆಯದು ತೊರ್ರೆ ದು ತೊಂಬುವಿಗೆ, ಅಂದರೆ ರಾಷ್ಟ್ರೀಯ ಪತ್ರಾಗಾರಕ್ಕೆ. ಅಸೋರ್ಸ್, ಮದೈರ ದ್ವೀಪಗಳಿಗೆ ಅವುಗಳದೇ ಪತ್ರಾಗಾರಗಳಿವೆ. ಬಹಳಷ್ಟು ಪುಸ್ತಕಗಳ ಚಿತ್ರಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಫ್ಯಾಮಿಲಿಸರ್ಚ್ ತಾಣದಲ್ಲಿ ಖಾತೆ ತೆರೆದರೆ ಮೈಕ್ರೊಫಿಲ್ಮ್‌ನಿಂದ ತೆಗೆದವೂ ಕಾಣುತ್ತವೆ. ನೂರು ವರ್ಷ ತುಂಬದ ದಾಖಲೆ ಬೇಕಾದರೆ ನೋಂದಣಿ ಕಚೇರಿಗೆ ಅರ್ಜಿ ಹಾಕಬೇಕು. ಆಗ ಸಾರಾಂಶ ಪತ್ರ ಬೇಡ, ಪೂರ್ತಿ ನಕಲು ಕೊಡಿ ಎಂದು ಕೇಳಿ. ಅಂಚಿನಲ್ಲಿ ಆಮೇಲೆ ಬರೆದ ಮದುವೆ, ಮರಣದ ಟಿಪ್ಪಣಿಗಳು ಸಾರಾಂಶದಲ್ಲಿ ಬಿಟ್ಟುಹೋಗುತ್ತವೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. 2013ರಲ್ಲಿ ಫ್ರೆಗೆಜಿಯಗಳನ್ನು ವಿಲೀನ ಮಾಡಿದಾಗ ಸಾವಿರಕ್ಕೂ ಹೆಚ್ಚು ಹೆಸರುಗಳು ನಕ್ಷೆಯಿಂದ ಮಾಯವಾದವು. ಪತ್ರಾಗಾರದಲ್ಲಿ ಮಾತ್ರ ಪುಸ್ತಕಗಳು ಹಳೆಯ ಹೆಸರಿನಡಿಯೇ ಇವೆ. ಇಂದಿನ ನಕ್ಷೆಯಲ್ಲಿ ಊರು ಕಾಣದಿದ್ದರೆ ಅದು ಯಾವುದರೊಳಗೆ ಸೇರಿತು, ಹಿಂದೆ ಯಾವ ತಾಲೂಕಿನಲ್ಲಿತ್ತು ಎಂದು ನೋಡಿ. ಇನ್ನೊಂದು, ಲಿಸ್ಬನ್ ನಗರದ ವಂಶಗಳು. 1755ರ ನವೆಂಬರ್ 1ರ ಭೂಕಂಪ ಮತ್ತು ಅದರ ಬೆನ್ನಿಗೆ ಬಂದ ಬೆಂಕಿಯಲ್ಲಿ ಹಲವು ಚರ್ಚುಗಳ ಪುಸ್ತಕಗಳು ಹೋದವು. ಅಂಥ ಕಡೆ, ಆ ಮನೆಯವರು ಲಿಸ್ಬನ್‌ಗೆ ಬರುವ ಮುಂಚೆ ಇದ್ದ ಹಳ್ಳಿಯನ್ನು ಈಚಿನ ಮದುವೆ ದಾಖಲೆಯಿಂದ ಹುಡುಕುವುದೇ ದಾರಿ.

ಒಂದು ತಲೆಮಾರು ಹಿಂದಕ್ಕೆ ಹೆಜ್ಜೆ ಇಡುವ ಕ್ರಮ

ದೀಕ್ಷಾಸ್ನಾನದ ಒಂದು ದಾಖಲೆ ಸಿಕ್ಕಿತೆಂದುಕೊಳ್ಳಿ. ಅದರಲ್ಲಿ ದಿನಾಂಕ, ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ‘ನತುರಾಲ್ ದೆ’ ಎಂಬ ಪದದ ನಂತರ ಅವರವರ ಹುಟ್ಟೂರು, ಜ್ಞಾನಪಿತೃಗಳ ಹೆಸರು ಇರುತ್ತವೆ. 18ನೆಯ ಶತಮಾನದಿಂದ ಈಚೆಗೆ ಅಜ್ಜ ಅಜ್ಜಿಯರದೂ ಸಿಗುವುದು ಹೆಚ್ಚು. ಮಗುವಿಗೆ ಅಡ್ಡಹೆಸರು ಇರುವುದಿಲ್ಲ, ಬರೀ ‘ಮನುವೆಲ್’ ಎಂದಷ್ಟೇ. ಆದ್ದರಿಂದ ಪುಸ್ತಕದ ಕೊನೆಯಲ್ಲಿ ಸೂಚಿ ಇದ್ದರೆ ಅದೂ ಸ್ವಂತ ಹೆಸರಿನ ಅಕಾರಾದಿಯಲ್ಲೇ ಇರುತ್ತದೆ. ‘ಪಿ’ ಅಕ್ಷರದಡಿ ಪೆರೈರ ಹುಡುಕುವವರಿಗೆ ಸಿಗುವುದು ಪೆದ್ರುಗಳೇ.

ಇಲ್ಲಿಂದ ಅಪ್ಪ ಅಮ್ಮನ ಮದುವೆಗೆ ಹೋಗಬೇಕು. ನೇರವಾಗಿ ಅಪ್ಪನ ಜನನಕ್ಕೆ ಜಿಗಿಯಬೇಡಿ, ಅದೇ ಹೆಸರಿನ ಬೇರೊಬ್ಬನನ್ನು ಹಿಡಿದುಬಿಡುವ ಸಂಭವವೇ ಜಾಸ್ತಿ. ಹಿರಿಯ ಮಗುವಿನ ವರ್ಷ ಗುರುತಿಸಿ, ಅಲ್ಲಿಂದ ಹಿಂದಕ್ಕೆ ಪುಟ ತಿರುವುತ್ತ ಹೋಗಿ. ಮದುವೆ ಸಾಮಾನ್ಯವಾಗಿ ಹೆಣ್ಣಿನ ಊರಿನ ಚರ್ಚಿನಲ್ಲಿ ನಡೆಯುತ್ತಿತ್ತು. ಅಲ್ಲಿ ಸಿಗದಿದ್ದರೆ ಗಂಡಿನ ಊರು, ಆಮೇಲೆ ನೆರೆಯ ಊರುಗಳು. ಮದುವೆ ದಾಖಲೆಯಲ್ಲಿ ಎರಡೂ ಕಡೆಯ ತಂದೆತಾಯಿ, ಹುಟ್ಟೂರು ಇರುತ್ತವೆ. ಅದರ ಬಲದ ಮೇಲೆ ಇಬ್ಬರ ಜನನ ಹುಡುಕಬಹುದು. ಒಂದು ಸುತ್ತು ಮುಗಿದರೆ 25–30 ವರ್ಷ ಹಿಂದೆ ಹೋದಂತೆ.

ಗಂಡು ಹೆಣ್ಣು ಹತ್ತಿರದ ಸಂಬಂಧಿಗಳಾಗಿದ್ದರೆ ಚರ್ಚಿನಿಂದ ವಿನಾಯಿತಿ ಪಡೆಯಬೇಕಿತ್ತು. ನಾಲ್ಕನೆಯ ದರ್ಜೆಯ, ಅಂದರೆ ಮುತ್ತಜ್ಜನ ಅಪ್ಪ ಅಥವಾ ಅಮ್ಮನಲ್ಲಿ ಕೂಡುವ, ಸಂಬಂಧಕ್ಕೂ ಅದು ಬೇಕಿತ್ತು. ‘ದಿಸ್ಪೆನ್ಸ’ ಎಂಬ ಪದ ಕಂಡರೆ ಬಿಡಬೇಡಿ. ಧರ್ಮಪ್ರಾಂತದ (ಬಿಷಪ್ಪರ ಆಡಳಿತ ಸೀಮೆಯ) ಪತ್ರಾಗಾರದಲ್ಲಿ ಆ ಕಡತ ಉಳಿದಿದ್ದರೆ ನಾಲ್ಕು ತಲೆಮಾರಿನ ವಂಶವೃಕ್ಷವನ್ನು ಪಾದ್ರಿಯೇ ಬರೆದುಕೊಟ್ಟಿರುತ್ತಾನೆ. ಪಾದ್ರಿಯಾಗಲು ಹೊರಟವರ ಕುಲ ವಿಚಾರಣೆಯ ಕಡತಗಳೂ ಹೀಗೆಯೇ ಉಪಯುಕ್ತ. ಬ್ರಾಗದ ಪತ್ರಾಗಾರದಲ್ಲಿ ಇಂಥವು ಬಹಳ ಇವೆ.

ಒಂದೇ ಹೆಸರಿನವರನ್ನು ಬೇರ್ಪಡಿಸಲು ಅಡ್ಡಹೆಸರಿಗಿಂತ ಕೇರಿಯ ಹೆಸರು ಹೆಚ್ಚು ನಂಬಿಕೆಯದು. ‘ಲುಗಾರ್ ದೆ’ ಎಂಬುದರ ಮುಂದೆ ಬರೆದದ್ದನ್ನು ತಪ್ಪದೆ ಗುರುತು ಹಾಕಿಕೊಳ್ಳಿ. ಹೆಂಡತಿಯ ಹೆಸರು, ಕೇರಿ ಎರಡೂ ತಾಳೆಯಾದರೆ ಮಾತ್ರ ಅದೇ ಮನುಷ್ಯ ಎನ್ನಬಹುದು. ಪ್ರತಿ ದಾಖಲೆಗೂ ಊರು, ಪುಸ್ತಕದ ಸಂಖ್ಯೆ, ಹಾಳೆಯ ಸಂಖ್ಯೆ, ಹಾಳೆಯ ಮುಂಬದಿಯೋ ಹಿಂಬದಿಯೋ, ಚಿತ್ರದ ಸಂಖ್ಯೆ, ಈ ಐದನ್ನೂ ಆಗಲೇ ಬರೆದಿಡಿ. ಹಾಳೆಗೆ ಒಂದೇ ಸಂಖ್ಯೆ, ಬದಿ ಎರಡು. ಇದನ್ನು ಬಿಟ್ಟವರು ಅದೇ ಪುಟವನ್ನು ಎರಡನೇ ಸಲ ಹುಡುಕಿಕೊಂಡು ಕೂರುತ್ತಾರೆ.

ಹಳೆಯ ಕೈಬರಹ: ಸಂಕ್ಷೇಪ, ತಿಂಗಳು, ಶಕೆ

ಬರೆಯುವವನಿಗೆ ಶಾಯಿ, ಕಾಗದ ಎರಡೂ ದುಬಾರಿ, ಹೆಸರುಗಳನ್ನು ಕುಗ್ಗಿಸುತ್ತಿದ್ದ. ರೊಡ್ರಿಗೆಸ್ ಎಂಬುದು ಆರ್–ಓ–ಐ–ಝಡ್ ಎಂಬ ನಾಲ್ಕೇ ಅಕ್ಷರ. ಅದನ್ನು ‘ರೊಯಿಸ್’ ಎಂದು ಓದಿ ಹೊಸ ಅಡ್ಡಹೆಸರೆಂದು ಬರೆದುಕೊಂಡವರಿಗೆ ಲೆಕ್ಕವಿಲ್ಲ. ಗೊನ್ಸಾಲ್ವೆಸ್ ಎಂದರೆ ಜಿ–ಎಲ್–ಝಡ್, ಮಾರ್ಟಿನ್ಸ್ ಎಂದರೆ ಎಂ–ಐ–ಝಡ್. ಪೆರೈರ ಎಂಬುದು ಪಿ–ಆರ್ ಬರೆದು ಮೇಲೊಂದು ಪುಟ್ಟ ‘ಎ’. ಮೇಲಕ್ಕೆ ಎತ್ತಿ ಬರೆದ ಸಣ್ಣ ಅಕ್ಷರ ಕಂಡರೆ ನಡುವೆ ಏನೋ ಬಿಟ್ಟಿದ್ದಾರೆ ಎಂದೇ ಅರ್ಥ.

ತಿಂಗಳುಗಳಲ್ಲಿ ಇನ್ನೂ ದೊಡ್ಡ ಹೊಂಡವಿದೆ. 7 ಎಂಬ ಅಂಕಿಯ ಮುಂದೆ ‘ಬ್ರು’ ಎಂದಿದ್ದರೆ ಅದು ಏಳನೆಯ ತಿಂಗಳಾದ ಜುಲೈ ಅಲ್ಲ, ಸೆಪ್ಟೆಂಬರ್. ‘ಸೆತೆ’ ಎಂದರೆ ಏಳು, ಆ ಉಚ್ಚಾರಕ್ಕಾಗಿ ಅಂಕಿ ಬಳಸಿದ್ದಾರೆ. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತರ ‘ಎಕ್ಸ್’ ಡಿಸೆಂಬರ್.

1422ಕ್ಕೂ ಹಿಂದಿನ ಪೋರ್ಚುಗೀಸ್ ಪತ್ರಗಳಲ್ಲಿ ವರ್ಷವನ್ನು ಸೀಸರ್ ಶಕೆಯಲ್ಲಿ ಬರೆಯುತ್ತಿದ್ದರು. ‘ಎರ’ ಎಂದಿದ್ದರೆ 38 ಕಳೆಯಬೇಕು. ಎರ 1423 ಎಂದರೆ ಕ್ರಿ.ಶ. 1385, ಅಲ್ಜುಬರೊಟ ಯುದ್ಧದ ವರ್ಷ. ಇದನ್ನು ಮರೆತು ಅಜ್ಜನಿಗಿಂತ ಮೊದಲೇ ಮೊಮ್ಮಗನನ್ನು ಹುಟ್ಟಿಸಿದ ವಂಶವೃಕ್ಷಗಳು ಅಂತರ್ಜಾಲದಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ.

ಅಡ್ಡಹೆಸರು ಜಿಗಿಯುವ ಜಾಗಗಳು

ಅಪ್ಪ ಪೆರೈರ, ಮಗ ಸಿಲ್ವ ಎಂದು ಕಂಡರೆ ದಾಖಲೆ ತಪ್ಪು ಎಂದು ಎಸೆಯಬೇಡಿ. 1911ರ ಹಿಂದೆ ದೀಕ್ಷಾಸ್ನಾನದಲ್ಲಿ ಅಡ್ಡಹೆಸರನ್ನು ಕಟ್ಟಿಹಾಕುತ್ತಿರಲಿಲ್ಲ, ಆಳು ಬೆಳೆದ ಮೇಲೆ ಅದು ಬಂದು ಸೇರುತ್ತಿತ್ತು. ಅಮ್ಮನ ತಂದೆಯ ಹೆಸರು, ಆಸ್ತಿ ಬಿಟ್ಟುಹೋದ ಚಿಕ್ಕಪ್ಪನ ಹೆಸರು, ಜ್ಞಾನಪಿತನ ಹೆಸರು, ಯಾವುದೂ ಆಗಬಹುದಿತ್ತು. ಒಡಹುಟ್ಟಿದ ಮೂವರಿಗೆ ಮೂರು ಅಡ್ಡಹೆಸರು ಇರುವುದು ಮಾಮೂಲು.

ಹೆಣ್ಣುಮಕ್ಕಳ ವಿಚಾರದಲ್ಲಿ ಇದು ಇನ್ನೂ ಸಡಿಲ. ಮರಿಯ ದ ಕೊನ್ಸೆಯ್ಸಾಂವ್, ಆನ ದೆ ಜೆಜುಸ್, ರೊಜ ದು ಎಸ್ಪಿರಿತು ಸಾಂತು: ಇವು ಆ ವ್ಯಕ್ತಿಯ ಭಕ್ತಿಯ ಹೆಸರು, ಮನೆತನದ್ದಲ್ಲ. ಅದೇ ಹೆಂಗಸು ಮದುವೆಯಲ್ಲಿ ಮರಿಯ ದ ಕೊನ್ಸೆಯ್ಸಾಂವ್, ಮೂರನೇ ಮಗುವಿನ ದಾಖಲೆಯಲ್ಲಿ ಮರಿಯ ಪೆರೈರ ಆಗಿರಬಹುದು. ಕೊನ್ಸೆಯ್ಸಾಂವ್ ಎಂಬ ‘ಮನೆತನ’ ಹುಡುಕಿ ಹೊರಟರೆ ಇಡೀ ದೇಶ ಸುತ್ತಬೇಕಾದೀತು.

‘ಎಸ್ಪೊಸ್ತು’ ಎಂದಿದ್ದರೆ ಬಿಟ್ಟುಹೋದ ಕೂಸು. ಗೋಡೆಯಲ್ಲಿನ ತಿರುಗುತೊಟ್ಟಿಲಲ್ಲಿ ಕೂಸನ್ನಿಟ್ಟು ಹೋಗುವ ವ್ಯವಸ್ಥೆಯನ್ನು ತಾಲೂಕುಗಳಲ್ಲೆಲ್ಲ ತರಬೇಕೆಂದು 1783ರಲ್ಲಿ ಆಜ್ಞೆಯಾಯಿತು. ಅಲ್ಲಿ ತಂದೆಯ ಕಡೆಯ ದಾರಿ ಮುಗಿದಂತೆ. ಆದರೂ ತಾಲೂಕಿನ ತೊಟ್ಟಿಲು ಪುಸ್ತಕ ನೋಡಿ. ಕೂಸಿನ ಮೈಮೇಲಿದ್ದ ಬಟ್ಟೆ, ಕಟ್ಟಿದ್ದ ಚೀಟಿಯ ವಿವರ ಕೆಲವೊಮ್ಮೆ ಬರೆದಿರುತ್ತಾರೆ. ‘ಪಾಯ್ ಇನ್ಕೊಗ್ನಿತು’ ಎಂದರೆ ತಂದೆ ಯಾರೆಂದು ನಮೂದಿಸಿಲ್ಲ. ಆ ಮಗುವಿಗೆ ಮುಂದೆ ಪೆರೈರ ಎಂಬ ಹೆಸರಿದ್ದರೆ ಅದು ಎಲ್ಲಿಂದ ಬಂತೆಂದು ಜ್ಞಾನಪಿತನ ಕಡೆ ನೋಡಬೇಕು.

ಲಾಂಛನ, ಯೆಹೂದಿ ಮೂಲ ಎಂಬ ಎರಡು ಆಮಿಷ

ಕೆಂಪು ನೆಲದ ಮೇಲೆ ಬೆಳ್ಳಿಯ ಶಿಲುಬೆ, ತುದಿಗಳಲ್ಲಿ ಹೂವಿನಂತೆ ಅರಳಿದ್ದು, ಒಡಲು ಟೊಳ್ಳು. ಇದು ಪೆರೈರ ಲಾಂಛನ. ಸಿಂತ್ರ ಅರಮನೆಯಲ್ಲಿ ಮನುವೆಲ್ ದೊರೆ ಮಾಡಿಸಿದ ಲಾಂಛನಗಳ ಕೋಣೆಯ ಚಾವಣಿಯಲ್ಲಿ 72 ಶ್ರೀಮಂತ ಮನೆತನಗಳ ಲಾಂಛನಗಳಲ್ಲಿ ಇದೂ ಒಂದು. ಲಾಂಛನದ ಹಕ್ಕು ವಂಶಕ್ಕೆ, ಹೆಸರಿಗಲ್ಲ. ‘ನಿಮ್ಮ ಸರ್‌ನೇಮ್‌ನ ಲಾಂಛನ’ ಎಂದು ಚೌಕಟ್ಟು ಹಾಕಿ ಮಾರುವವರಿಗೆ ದುಡ್ಡು ಕೊಡುವ ಮೊದಲು ಮೇಲೆ ಹೇಳಿದ ಮೂರು ತಾಲೂಕಿನ ಪೆರೈರಗಳನ್ನು ನೆನೆಯಿರಿ.

ಇನ್ನೊಂದು, ಮರದ ಹೆಸರೆಲ್ಲ ಮತಾಂತರಗೊಂಡ ಯೆಹೂದಿಗಳದ್ದು ಎಂಬ ಬಲವಾದ ನಂಬಿಕೆ. 1497ರಲ್ಲಿ ಪೋರ್ಚುಗಲ್‌ನ ಯೆಹೂದಿಗಳನ್ನು ಬಲವಂತವಾಗಿ ಕ್ರೈಸ್ತರನ್ನಾಗಿ ಮಾಡಿದ್ದು ನಿಜ, ಅವರಲ್ಲಿ ಹಲವರು ಪೆರೈರ, ಒಲಿವೈರ ಹೆಸರು ಪಡೆದದ್ದೂ ನಿಜ. ಆದರೆ ಅವರು ಆರಿಸಿಕೊಂಡದ್ದು ಸುತ್ತಲಿನವರಲ್ಲಿ ಬೆರೆತುಹೋಗುವ ಹೆಸರನ್ನು; ಎದ್ದು ಕಾಣುವಂಥದ್ದನ್ನಲ್ಲ. ಪೆರೈರ ಅದಕ್ಕೂ ಮುನ್ನೂರು ವರ್ಷ ಹಳೆಯದು. ಹೆಸರೊಂದರಿಂದಲೇ ಏನೂ ಸಾಬೀತಾಗದು. ಶಂಕೆಗೆ ಕಾರಣವಿದ್ದರೆ ನೋಡಬೇಕಾದ್ದು ತೊರ್ರೆ ದು ತೊಂಬುವಿನಲ್ಲಿರುವ ಇನ್‌ಕ್ವಿಸಿಷನ್ (ಮತಭ್ರಷ್ಟರೆಂದು ಶಂಕಿಸಿದವರ ವಿಚಾರಣೆ ನಡೆಸುತ್ತಿದ್ದ ಧರ್ಮ ನ್ಯಾಯಾಲಯ) ಕಡತಗಳನ್ನು. ಪೋರ್ಚುಗಲ್‌ನಲ್ಲಿ ಅದು ಶುರುವಾದದ್ದು 1536ರಲ್ಲಿ. ‘ಹಳೆ ಕ್ರೈಸ್ತ’, ‘ಹೊಸ ಕ್ರೈಸ್ತ’ ಎಂಬ ಭೇದವನ್ನು ಕಾನೂನು ತೆಗೆದುಹಾಕಿದ್ದು 1773ರಲ್ಲಿ. ಈ ನಡುವಿನ ವಿಚಾರಣೆಗಳಲ್ಲಿ ಆರೋಪಿಯ ಅಜ್ಜ ಅಜ್ಜಿಯರವರೆಗೆ ಹೆಸರು, ಊರು, ಕಸುಬು ದಾಖಲಾಗಿವೆ. ವಂಶ ಹುಡುಕುವವನಿಗೆ ಇಷ್ಟು ವಿವರವಾದ ಕಾಗದ ಇನ್ನೊಂದಿಲ್ಲ, ಅದು ಹುಟ್ಟಿದ ರೀತಿ ಎಷ್ಟೇ ಘೋರವಾಗಿದ್ದರೂ.

ದಾರಿ ಗೋವಾ, ಕೆನರಾ ಕಡೆ ತಿರುಗಿದರೆ

ಕರಾವಳಿ ಕರ್ನಾಟಕದ ಪಿರೇರಾ ಮನೆಯವರು ಮೇಲಿನ ಕ್ರಮವನ್ನು ಲಿಸ್ಬನ್‌ವರೆಗೆ ಎಳೆಯಬೇಕಿಲ್ಲ. ಗೋವಾದ ಬಾರ್ದೇಸಿನಲ್ಲಿ ಫ್ರಾನ್ಸಿಸ್ಕನ್ ಸಂಘದ ಪಾದ್ರಿಗಳು, ಸಾಷ್ಟಿಯಲ್ಲಿ ಜೆಸುಯಿಟ್ ಸಂಘದವರು ದೀಕ್ಷೆ ಕೊಡುವಾಗ ಜ್ಞಾನಪಿತನ ಅಥವಾ ಪಾದ್ರಿಯ ಅಡ್ಡಹೆಸರು ಹೊಸ ಕ್ರೈಸ್ತರಿಗೆ ಬಂತು. ಒಂದೇ ಕುಲದ ಅಣ್ಣತಮ್ಮಂದಿರು ಬೇರೆ ಬೇರೆ ದಿನ ದೀಕ್ಷೆ ಪಡೆದು ಒಬ್ಬ ಪಿರೇರಾ, ಇನ್ನೊಬ್ಬ ಡಿಸೋಜ ಆಗಿರಬಹುದು. ಹಾಗಾಗಿ ಇಲ್ಲಿ ರಕ್ತಸಂಬಂಧದ ಸುಳಿವು ಪೋರ್ಚುಗೀಸ್ ಹೆಸರಿನಲ್ಲಿಲ್ಲ. ಅದು ಇರುವುದು ಮನೆಯ ಹಿರಿಯರು ನೆನಪಿಟ್ಟುಕೊಂಡ ಪ್ರಭು, ಕಾಮತ್, ಶೆಣೈ, ನಾಯಕ್ ಎಂಬ ಹಳೆಯ ಹೆಸರಿನಲ್ಲಿ ಮತ್ತು ಗೋವಾದ ಮೂಲ ಹಳ್ಳಿಯಲ್ಲಿ. ಮೊದಲು ಅದನ್ನು ಕೇಳಿ ಬರೆದುಕೊಳ್ಳಿ. ಅಜ್ಜಿಯರ ಬಳಿ ಕೇಳಿದರೆ ಹೆಚ್ಚು ಸಿಗುತ್ತದೆ. ಎರಡೂ ಕಡೆಯ ಮದುವೆ ಸಂಬಂಧಗಳನ್ನು ನೆನಪಿಟ್ಟವರು ಅವರೇ.

ದಾಖಲೆಗೆ ಇಳಿದಾಗ ಕೆನರಾದಲ್ಲಿ ಎದುರಾಗುವ ಗೋಡೆ 1784. ಆ ವರ್ಷ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ, ಚರ್ಚುಗಳು ನೆಲಸಮವಾದವು; ಉಳಿದವರು ಮರಳಿದ್ದು 1799ರ ನಂತರ. ಅದಕ್ಕೂ ಹಿಂದಿನ ಚರ್ಚ್ ಪುಸ್ತಕ ಸಿಗುವ ಆಸೆ ಬೇಡ. 19ನೆಯ ಶತಮಾನದ ಪುಸ್ತಕಗಳಿಗಾಗಿ ಆಯಾ ಚರ್ಚಿನ ಕಚೇರಿಗೆ ಬರೆಯುವಾಗ ಹೆಸರು, ಅಪ್ಪ ಅಮ್ಮನ ಹೆಸರು, ವಾರ್ಡು, ಹತ್ತು ವರ್ಷದ ಅವಧಿ ಇಷ್ಟನ್ನು ಕೊಡಿ. ಈಗಿನ ಚರ್ಚು ಯಾವ ಹಳೆಯ ಚರ್ಚಿನಿಂದ ಒಡೆದು ಬಂದದ್ದು ಎಂದೂ ಕೇಳಿ; ಮುತ್ತಜ್ಜನ ದೀಕ್ಷೆ ಆ ತಾಯಿಚರ್ಚಿನ ಪುಸ್ತಕದಲ್ಲಿರುತ್ತದೆ. 1838ರ ನಂತರ ಕೆಲಕಾಲ ಇಲ್ಲಿನ ಕ್ರೈಸ್ತರು ಗೋವಾದ ಆರ್ಚ್‌ಬಿಷಪ್ ಮತ್ತು ಕೇರಳದ ವೆರಾಪೊಲಿ ಎಂಬ ಎರಡು ಅಧಿಕಾರದಡಿ ಹಂಚಿಹೋಗಿದ್ದರಿಂದ, ಮನೆಯ ಪಕ್ಕದ ಚರ್ಚಿನಲ್ಲಿ ಹೆಸರಿಲ್ಲದಿದ್ದರೆ ಇನ್ನೊಂದು ಪಕ್ಷದ ಚರ್ಚನ್ನೂ ನೋಡಬೇಕು.

1784ರ ಗೋಡೆಯ ಆಚೆಗೆ ಹೋಗಲು ಗೋವಾದ ಹಳ್ಳಿಯ ಹೆಸರು ಬೇಕೇ ಬೇಕು. ಪಣಜಿಯ ಪತ್ರಾಗಾರ ಹಳೆಯದು. 1595ರಲ್ಲಿ ದಿಯೊಗು ದು ಕೋತು ಅದರ ಮೊದಲ ಪಾಲಕನಾಗಿ ನೇಮಕವಾದ. ಅಲ್ಲಿ ಹಳ್ಳಿಗಳ ಚರ್ಚ್ ಪುಸ್ತಕಗಳೂ ‘ಕೊಮುನಿದಾದ್’ಗಳ ಲೆಕ್ಕಪತ್ರಗಳೂ ಇವೆ. ಕೊಮುನಿದಾದ್ ಎಂದರೆ ಗಾಂವ್ಕಾರರ, ಅಂದರೆ ಹಳ್ಳಿಯ ಮೂಲ ಕುಲದವರ, ಜಮೀನು ಸಂಘ. ಅದರ ಪಾಲು ಗಂಡುಸಂತಾನಕ್ಕೆ ಇಳಿದು ಬರುತ್ತಿದ್ದರಿಂದ ಮಕ್ಕಳ ಹೆಸರನ್ನು ‘ವಾಂಗಡ್’ ಎಂಬ ಕುಲಗುಂಪಿನ ಕ್ರಮದಲ್ಲೇ ದಾಖಲಿಸುತ್ತಿದ್ದರು. ಒಂದೇ ವಾಂಗಡಿನಲ್ಲಿ ಪಿರೇರಾ, ಡಿಸೋಜ, ಫೆರ್ನಾಂಡಿಸ್ ಮೂರೂ ಕಂಡರೆ ಅವು ಮೂರೂ ಒಂದೇ ಬೇರಿನ ಕೊಂಬೆಗಳು. ಎರಡು ವಾಂಗಡಿನಲ್ಲಿ ಎರಡು ಪಿರೇರಾ ಕಂಡರೆ ಅವು ಬೇರೆ ಬೇರೆ ಮರ. ಅರ್ಜಿಯಲ್ಲಿ ಅಡ್ಡಹೆಸರಿಗಿಂತ ಮೊದಲು ಹಳ್ಳಿ ಮತ್ತು ವಾಂಗಡಿನ ಸಂಖ್ಯೆಯನ್ನು ಬರೆಯಿರಿ.